ಏಳು ಬಾಗಿಲಿನ ಬ್ರೆಡ್ಡು

ಆ ಮನೆಯಲ್ಲಿ ಬ್ರೆಡ್ಡು ಬೇಯುತ್ತಿದ್ದದ್ದು ಗಡಿಯಾರದ ಲೆಕ್ಕದಲ್ಲಲ್ಲ, ಕಥೆಯ ಲೆಕ್ಕದಲ್ಲಿ. ಸಣ್ಣ ಬನ್ನಿಗೆ ಬಾಲ ಕಳೆದುಕೊಂಡ ಕುದುರೆಯ ಕಥೆ ಸಾಕು. ಬಿಸ್ಕತ್ತಿಗೆ ಅಷ್ಟೂ ಬೇಡ, ಕಾಗೆ ಮತ್ತು ಕನ್ನಡಿಯ ಕಥೆ ಮುಗಿಯುವಷ್ಟರಲ್ಲಿ ಅಂಚು ಕೆಂಪಗಾಗಿರುತ್ತದೆ. ಕೇಕಿಗೆ ಮೂರು ಜನ ಕಳ್ಳರು ಬೇಕು. ದೊಡ್ಡ ದ್ರಾಕ್ಷಿ ಬ್ರೆಡ್ಡಿಗೆ ಮಾತ್ರ ಏಳು ಬಾಗಿಲಿನ ಅರಮನೆಯೇ ಆಗಬೇಕು. ಅದರಲ್ಲೂ ನಾಲ್ಕನೇ ಬಾಗಿಲು ತೆರೆಯುವ ಹೊತ್ತಿಗೆ ಓವನ್ನಿನ ಬಾಗಿಲನ್ನೂ ತೆರೆದು, ಟ್ರೇಯನ್ನು ಅರ್ಧ ಸುತ್ತು ತಿರುಗಿಸಬೇಕು. ಇಲ್ಲದಿದ್ದರೆ ಎಡಗಡೆ ಇದ್ದಿಲು, ಬಲಗಡೆ ಹಸಿ ಹಿಟ್ಟು.

ಕಥೆ ಹೇಳುವವಳು ಅಜ್ಜಿ. ಕಣ್ಣಿಗೆ ಪೊರೆ ಬಂದು, ಗೋಡೆ ಗಡಿಯಾರದ ಎರಡು ಮುಳ್ಳೂ ಅವಳಿಗೆ ಒಂದೇ ಮುಳ್ಳಾಗಿ ಕಾಣತೊಡಗಿ ಎರಡು ವರ್ಷವಾಗಿತ್ತು. ಮೊಮ್ಮಗಳು ಒಂದು ಟೈಮರ್ ತಂದುಕೊಟ್ಟಳು. ಮೊದಲ ದಿನ ಅದು ಕಿರುಚಿಕೊಂಡಾಗ ಅಜ್ಜಿ ಬಾಗಿಲ ಗಂಟೆಯೆಂದುಕೊಂಡು ಹೋಗಿ ಬಾಗಿಲು ತೆರೆದಳು. ಮೆಟ್ಟಿಲಲ್ಲಿ ಅಂಚೆಯವಳು ಸಿಕ್ಕಳು. ಇಬ್ಬರೂ ಮಂಡಿನೋವಿನ ಮಾತು ಮುಗಿಸುವಷ್ಟರಲ್ಲಿ ಇಪ್ಪತ್ತನಾಲ್ಕು ಬನ್ನು ಕರಕಲಾಗಿದ್ದವು. "ಇಲಿಮರಿ ಹಾಗೆ ಕಿಚಗುಟ್ಟುತ್ತೆ ಅಷ್ಟೇ. ಅದಕ್ಕೇನು ಗೊತ್ತು ಒಲೆಯ ಸಿಟ್ಟು?" ಅನ್ನುತ್ತಾ ಅಜ್ಜಿ ಟೈಮರನ್ನು ಚಮಚಗಳ ಡ್ರಾಯರಿನಲ್ಲಿ ಮಲಗಿಸಿದಳು. ಅಂದಿನಿಂದ ಓವನ್ನಿನ ಮುಂದೆ ಸ್ಟೂಲು ಹಾಕಿಕೊಂಡು ಕೂತು ಕಥೆ ಹೇಳುವುದೇ ಪದ್ಧತಿಯಾಯಿತು.

ಓವನ್ನು ಬಂದದ್ದು ಮುಚ್ಚಿಹೋದ ಒಂದು ಹೋಟೆಲಿನಿಂದ. ಅಜ್ಜಿಯ ಸೊಂಟದೆತ್ತರ, ಹಿಡಿ ಕಿತ್ತುಹೋದಲ್ಲಿ ತಂತಿ ಸುತ್ತಿದ ಬಾಗಿಲು, ಎಡಗಡೆ ಮಾತ್ರ ವಿಪರೀತ ಕಾಯುವ ಹೊಟ್ಟೆ. ಅದು ಅಡುಗೆಮನೆಗೆ ಬಂದ ದಿನ ಊಟದ ಮೇಜು ನಡುಮನೆಗೆ ಹೋಯಿತು, ನಡುಮನೆಯ ಬೀರು ಮಲಗುವ ಕೋಣೆಗೆ ಹೋಯಿತು, ಮಲಗುವ ಕೋಣೆಯಲ್ಲಿದ್ದ ಅಮ್ಮನ ಹೊಲಿಗೆ ಯಂತ್ರ ಕಿಟಕಿಗೆ ಒತ್ತರಿಸಿಕೊಂಡು ನಿಂತಿತು. "ರಾಕ್ಷಸ ಬಂದ, ರಾಜ್ಯವೇ ಅದಲುಬದಲಾಯ್ತು" ಅಂದಳು ಅಜ್ಜಿ, ಖುಷಿಯಿಂದಲೇ.

ಕಥೆಗೊಂದು ಕಾಯ್ದೆಯಿತ್ತು. ಕೇಳುವವರು ಹೂಂ ಅನ್ನಬೇಕು. "ಹೂಂ ಇಲ್ಲದ ಕಥೆ, ಹಿಡಿ ಇಲ್ಲದ ಬಕೆಟ್ಟು. ಎತ್ತೋದಾದ್ರೂ ಹ್ಯಾಗೆ?" ಅನ್ನುವಳು ಅಜ್ಜಿ. ಹೂಂ ನಿಂತರೆ ಕುದುರೆಯೂ ನಿಂತಲ್ಲೇ ನಿಲ್ಲುತ್ತಿತ್ತು. ಹೂಂ ಜಾಸ್ತಿಯಾದರೆ ಇನ್ನೊಂದು ಕಷ್ಟ. ಒಮ್ಮೆ ಅಂಚೆಯವಳು ಕೆನ್ನೆಗೆ ಕೈಯಿಟ್ಟು ಕೇಳಿದ ಹುರುಪಿಗೆ ಕುದುರೆಗೆ ಮದುವೆಯಾಗಿ ಮೂರು ಮರಿಗಳೂ ಹುಟ್ಟಿ, ಬನ್ನುಗಳು ಕಲ್ಲಾದವು. ಯಾರೂ ಇಲ್ಲದ ದಿನ ಅಜ್ಜಿ ಒಬ್ಬಳೇ ಹೇಳಿಕೊಳ್ಳಲು ನೋಡಿದಳು. ಆಗ ಏಳು ಬಾಗಿಲೂ ಖಾಲಿ ಸ್ಟಾಪು ದಾಟುವ ಬಸ್ಸಿನ ಹಾಗೆ ಓಡಿಹೋದವು, ಬ್ರೆಡ್ಡಿನ ಹೊಟ್ಟೆ ಹಸಿಯಾಗಿಯೇ ಉಳಿಯಿತು. ಹದವಾದ ಹೂಂ ಅನ್ನುವುದು ಮೊಮ್ಮಗಳಿಗೆ ಮಾತ್ರ ಗೊತ್ತಿತ್ತು.

ಮೊಮ್ಮಗಳಿಗೆ ಮನೆಯಲ್ಲಿ ಗಿಲಕಿ ಅಂತ ಹೆಸರು. ತೊಟ್ಟಿಲಲ್ಲಿದ್ದಾಗಲೇ ಬಾಯಿಗೆ ಬಿಡುವಿರಲಿಲ್ಲವಂತೆ. ಆ ಬಾಯಿಯೇ ಈಗ ಅವಳಿಗೆ ಅನ್ನ ಕೊಡುತ್ತಿತ್ತು. ಬಸ್ ನಿಲ್ದಾಣದ ಮೈಕ್ ರೂಮಿನಲ್ಲಿ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಂನಿಂದ ಎಷ್ಟು ಹೊತ್ತಿಗೆ ಹೊರಡುತ್ತದೆಂದು ಕೂಗುವ ಕೆಲಸ. ಅವಳ ದನಿ ಕೇಳಿದರೆ ಅಳುವ ಮಕ್ಕಳು ಸುಮ್ಮನಾಗುತ್ತವೆಂದು ಕಂಡಕ್ಟರುಗಳು ಹೇಳುತ್ತಿದ್ದರು. ಆ ಕೆಲಸವೆಂದರೆ ಅವಳಿಗೂ ಇಷ್ಟವೇ. ಗಾಜಿನಾಚೆ ಜನ ಗಂಟುಮೂಟೆ ಹೊತ್ತು ಹೊರಡುವುದನ್ನು ನೋಡುತ್ತಾ, ಒಬ್ಬೊಬ್ಬರಿಗೂ ಒಂದೊಂದು ಕಥೆ ಕಟ್ಟಿಕೊಡುತ್ತಾ ಕೂರುವುದು ಯಾರಿಗೆ ಬೇಡ? ಬ್ರೆಡ್ಡೂ ಇಷ್ಟ. ಹಿಟ್ಟು ಬಟ್ಟೆಯಡಿಯಲ್ಲಿ ಉಬ್ಬುವಾಗ ಯಾರೋ ನಿದ್ದೆಯಲ್ಲಿ ಉಸಿರಾಡುತ್ತಿದ್ದಾರೆ ಅನ್ನಿಸುತ್ತಿತ್ತು ಅವಳಿಗೆ.

ಕಷ್ಟ ಎಲ್ಲಿತ್ತೆಂದರೆ ಪಾಳಿಯಲ್ಲಿ. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ್ದು, ಯಾರಾದರೂ ರಜೆ ಹಾಕಿದರೆ ಅದೂ ಇದೂ ಎರಡೂ. ಈಸ್ಟಿಗೆ ಇದೆಲ್ಲ ಅರ್ಥವಾಗುತ್ತದೆಯೇ? ಅದು ಉಬ್ಬುವ ಹೊತ್ತಿಗೆ ಉಬ್ಬಿಯೇ ಉಬ್ಬುತ್ತದೆ. ಗಿಲಕಿ ಒಂದು ಕೈಲಿ ಹಿಟ್ಟು ನಾದುತ್ತಾ ಇನ್ನೊಂದು ಕೈಲಿ ಸಮವಸ್ತ್ರದ ಗುಂಡಿ ಹಾಕಿಕೊಂಡು ಓಡುವಳು. "ತಂಗೀ, ಕಿವಿ ಹಿಂದೆ ಸಕ್ಕರೆ ಪುಡಿ" ಎಂದು ವಿಚಾರಣೆ ಕಿಟಕಿಗೆ ಬಂದವರು ಹೇಳಿಹೋಗುವರು. ಒಂದು ಮಧ್ಯಾಹ್ನ ಅವಳ ಇಂಪಾದ ದನಿ ಇಡೀ ನಿಲ್ದಾಣಕ್ಕೆ ಹೀಗೆ ತಿಳಿಸಿತು: "ಪ್ರಯಾಣಿಕರ ಗಮನಕ್ಕೆ. ಐದನೇ ಪ್ಲಾಟ್‌ಫಾರಂನಲ್ಲಿರುವ ಹನ್ನೊಂದನೇ ನಂಬರಿನ ಬಸ್ಸು ಇನ್ನು ಹತ್ತು ನಿಮಿಷದಲ್ಲಿ ಬೇಯುತ್ತದೆ."

ಆ ಬಸ್ಸಿನ ಡ್ರೈವರು ಇಳಿದು ಬಂದು ಎಂಜಿನ್ನಿಗೆ ನೀರು ಹಾಕಿ ನೋಡಿದನಂತೆ.

ನಿಲ್ದಾಣದ ಮೇಲ್ವಿಚಾರಕರನ್ನು ಎಲ್ಲರೂ ಬೆನ್ನ ಹಿಂದೆ ಚೀಟಿ ಸಾಹೇಬರು ಅನ್ನುತ್ತಿದ್ದರು. ಅವರಿಗೆ ಬಾಯಲ್ಲಿ ಬೈಯಲು ಬರುತ್ತಿರಲಿಲ್ಲ. ಏನಿದ್ದರೂ ಹಳದಿ ಚೀಟಿಯಲ್ಲಿ ಬರೆದುಕೊಡುವರು. ಕಸದ ಬುಟ್ಟಿ ತುಂಬಿದ್ದಕ್ಕೂ ಚೀಟಿ, ಬೆಂಚಿನ ಮೇಲೆ ಬೆಕ್ಕು ಮಲಗಿದ್ದಕ್ಕೂ ಚೀಟಿ. ಬೆಕ್ಕು ಇನ್ನೂ ಉತ್ತರ ಕೊಟ್ಟಿಲ್ಲ. ಗಿಲಕಿಗೂ ಒಂದು ಚೀಟಿ ಬಂತು. ಅವಳು ಅದನ್ನು ಜೇಬಿಗೆ ಸೇರಿಸಿ ಮರೆತಳು. ಇನ್ನೂರನೇ ನಂಬರಿನ ಬಸ್ಸನ್ನು ಇನ್ನೂರು ಗ್ರಾಂ ಎಂದು ಕರೆದ ದಿನ ಎರಡನೆಯದು ಬಂತು. ಅದೂ ಅದೇ ಜೇಬು ಸೇರಿತು.

ಜೇಬು ಅಮ್ಮನ ಕೈಗೆ ಸಿಕ್ಕಿತು.

ಅಮ್ಮ ಹೊಲಿಗೆ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಾಕುವವಳು. ದಿನಕ್ಕೆ ಎಂಬತ್ತು ಅಂಗಿ. ಗುಂಡಿ ಸಡಿಲವಾದ ಬಟ್ಟೆ ಕಂಡರೆ ಅದು ಯಾರದೇ ಆಗಲಿ ಅವಳ ಕೈ ಸುಮ್ಮನಿರದು. ಮಗಳ ಕೋಟಿನ ಗುಂಡಿ ಬಿಗಿ ಮಾಡುವಾಗ ಎರಡು ಹಳದಿ ಚೀಟಿಗಳು ಮಡಿಲಿಗೆ ಬಿದ್ದವು. ಅವಳು ಎರಡನ್ನೂ ಓದಿ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಇದೇನೇ ಇದು?"

"ಬಾಯಿ ತಪ್ಪಿ ಬಂತಮ್ಮಾ. ಯಾರಿಗೂ ಏನೂ ಆಗಿಲ್ಲ."

"ಬಾಯೇ ತಪ್ಪಿದ್ರೆ ಆ ಕೆಲಸದಲ್ಲಿ ಇನ್ನೇನಿದೆ? ನನ್ನ ಸೂಜಿ ತಪ್ಪಿದ ಹಾಗೆ." ಅಮ್ಮನ ದನಿ ಏರಲಿಲ್ಲ. ಏರಿದ್ದರೆ ಗಿಲಕಿಗೆ ಸುಲಭವಾಗುತ್ತಿತ್ತು. "ಎರಡು ದೋಣಿ ಮೇಲೆ ಕಾಲಿಟ್ಟು ನಾನೂ ನೋಡಿದೀನಿ. ಹಗಲೆಲ್ಲ ಅಂಗಡಿ, ಮನೆಗೆ ಬಂದ್ರೆ ಕಸೂತಿ. ಎಷ್ಟು ಮೇಜುಬಟ್ಟೆ ಹಾಕಿಕೊಟ್ಟಿದ್ದೆ, ಎಷ್ಟು ಜನ ಕೇಳ್ಕೊಂಡು ಬರ್ತಿದ್ರು! ಕೊನೆಗೆ ಒಂದನ್ನ ಕೆಳಗಿಡಲೇಬೇಕಾಯ್ತು. ನೀನೂ ಇಡು. ಬಿದ್ದ ಮೇಲೆ ಇಡೋದಕ್ಕಿಂತ ಈಗಲೇ ಇಡು."

"ಅಮ್ಮಾ..."

"ಮಣ್ಣಿನ ಕಿವಿಯೋಲೆ ಮಾಡ್ತಾಳಲ್ಲ, ಮೂಲೆ ಮನೆಯಾಕೆ, ಅವಳಿಗೆ ಮಣಿ ಸುಡೋಕೆ ಓವನ್ ಬೇಕಂತೆ. ಭಾನುವಾರ ಬಂದು ನೋಡ್ತಾಳೆ. ಅಲ್ಲಿವರೆಗೆ ಇನ್ನೊಂದು ಚೀಟಿ ಬರ್ಲಿಲ್ಲ ಅಂದ್ರೆ ಸರಿ, ಇಟ್ಕೋ. ಬಂತೋ, ಅವತ್ತೇ ರಾಕ್ಷಸ ಮನೆಯಿಂದಾಚೆ."

ಅಡುಗೆಮನೆಯಿಂದ ಅಜ್ಜಿಯ ದನಿ ಬಂತು. "ನನ್ನ ಓವನ್ನಲ್ಲಿ ಮಣ್ಣು ಸುಡ್ತಾಳಂತೆ ಮಣ್ಣು! ತಿನ್ನೋ ಬಾಯಿಗೆ ಮಣ್ಣು ಅಂದ್ರೆ ಇದೇ ನೋಡು."

"ನೀನು ಸುಮ್ನಿರಮ್ಮಾ" ಅಂದಳು ಅಮ್ಮ.

ಅದು ಸೋಮವಾರ. ಮಂಗಳವಾರ ಬುಧವಾರ ಗಿಲಕಿ ಮೈಯೆಲ್ಲಾ ಕಣ್ಣಾಗಿ, ಬಾಯಿಗೆ ಬೀಗ ಹಾಕಿಕೊಂಡವಳಂತೆ ಎಣಿಸಿ ಎಣಿಸಿ ಮಾತಾಡಿದಳು. ಬಂದ ಎರಡು ಆರ್ಡರು ಬಿಟ್ಟಳು. ಗುರುವಾರದ್ದನ್ನು ಬಿಡುವಂತಿರಲಿಲ್ಲ. ಮೇಲ್ಮಹಡಿಯ ಟೀಚರು ತಿಂಗಳ ಹಿಂದೆಯೇ ಹೇಳಿಟ್ಟಿದ್ದರು: ಅವರ ಶಾಲೆಯ ಹೆಡ್‌ಮಿಸ್ ನಿವೃತ್ತಿಯಾಗುವ ದಿನ, ಮೂರು ದೊಡ್ಡ ದ್ರಾಕ್ಷಿ ಬ್ರೆಡ್ಡು, ಸಂಜೆ ಆರಕ್ಕೆ. ಗಿಲಕಿಗೆ ಆವತ್ತು ಬೆಳಗಿನ ಪಾಳಿ. ಎರಡಕ್ಕೆ ಬಿಟ್ಟರೆ ಬೇಕಾದಷ್ಟು ಹೊತ್ತು. ಹಿಟ್ಟು ನಾದಿ, ಅದನ್ನು ಜಡೆಯ ಹಾಗೆ ಹೆಣೆದು, ಫ್ರಿಜ್ಜಿನಲ್ಲಿ ನಿಧಾನಕ್ಕೆ ಉಬ್ಬಲು ಬಿಟ್ಟು ಹೋದಳು.

ವಿಧಿ ಬೇರೆಯವರ ಹಲ್ಲಿನಲ್ಲಿ ಕಾದಿತ್ತು. ಮಧ್ಯಾಹ್ನದ ಪಾಳಿಯ ಘೋಷಕ ಒಂದು ಕೆನ್ನೆ ಬ್ರೆಡ್ಡಿನ ಹಾಗೆ ಉಬ್ಬಿಸಿಕೊಂಡು ಬಂದ. ದವಡೆ ಹಲ್ಲು ಕೀಳಿಸಿಕೊಂಡಿದ್ದ. ಬಾಯಿ ತೆರೆದರೆ "ವ್ವೆ ವ್ವೆ" ಅನ್ನುವುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಚೀಟಿ ಸಾಹೇಬರು ಅವನನ್ನು ನೋಡಿದರು, ಗಿಲಕಿಯನ್ನು ನೋಡಿದರು, ಬರೆದರು: "ಸಂಜೆ ಆರರವರೆಗೆ ತಾವೇ ಮುಂದುವರಿಯುವುದು."

ಸಾರ್, ಆಗಲ್ಲ ಸಾರ್, ಮನೆಯಲ್ಲಿ ಕೆಲಸವಿದೆ ಎಂದು ಹೇಳಬಹುದಿತ್ತು. ಎರಡು ಚೀಟಿಯ ಭಾರ ನಾಲಿಗೆಯ ಮೇಲಿತ್ತು. ಗಿಲಕಿ ತಲೆಯಾಡಿಸಿದಳು.

ಮೂರೂವರೆಗೆ ಅವಳು ಮನೆಗೆ ಫೋನು ಮಾಡಿದಳು. "ಅಜ್ಜೀ, ಟ್ರೇ ಹೊರಗೆ ತೆಗ್ದಿಡು. ಓವನ್ ಹಚ್ಚು. ನಾಲ್ಕೂಕಾಲಿಗೆ ನಾನೇ ಫೋನ್ ಮಾಡ್ತೀನಿ, ಆಗ ಒಳಗಿಡು."

"ಹೂಂ ಯಾರನ್ನೋದು?"

"ನಾನೇ. ಫೋನಲ್ಲಿ."

"ಅಯ್ಯೋ ಕೂಸೇ, ನಿನ್ನ ಬಸ್ಸು?"

"ಬಸ್ಸಿನ ಮಧ್ಯೆ ಮಧ್ಯೆ ಹೂಂ ಅಂತೀನಿ ಬಿಡು."

ಮೈಕ್ ರೂಮೆಂದರೆ ಒಂದು ದೊಡ್ಡ ಬೀರುವಿನಷ್ಟಗಲ. ಮುಂದೆ ಗಾಜು, ಗಾಜಿನಾಚೆ ಪ್ಲಾಟ್‌ಫಾರಂಗಳು. ಒಳಗೊಂದು ಮೇಜು, ಮೇಜಿನ ಮೇಲೆ ಕತ್ತು ಬಾಗಿಸಿದ ಮೈಕು, ಅದರ ಬುಡದಲ್ಲಿ ಒಂದು ಗುಂಡಿ. ಒಂದು ಸಲ ಒತ್ತಿದರೆ ಹಸಿರು ದೀಪ ಹತ್ತುತ್ತದೆ, ಇನ್ನೊಂದು ಸಲ ಒತ್ತಿದರೆ ಆರುತ್ತದೆ. ಒಳಗೆ ಸ್ಪೀಕರ್ ಇಲ್ಲ. ಕೂಗಿದ್ದು ಹೊರಗೆ ಕೇಳುತ್ತದೆಯೇ ಹೊರತು ಒಳಗಿದ್ದವರಿಗೆ ಕೇಳುವುದಿಲ್ಲ. ಗಿಲಕಿಯ ಕೈಗೆ ಮೂರು ವರ್ಷದ ಅಭ್ಯಾಸ: ಮಾತು ಮುಗಿದೊಡನೆ ಕೈ ತಾನಾಗಿ ಒಂದು ಗುಂಡಿ ಒತ್ತುತ್ತದೆ.

ನಾಲ್ಕೂಕಾಲಿಗೆ ಒಂಬತ್ತನೇ ನಂಬರನ್ನೂ ನಾಲ್ಕೂವರೆಯ ಹದಿನಾಲ್ಕನೇ ನಂಬರನ್ನೂ ಕೂಗಿ ಮುಗಿಸಿದಾಗ ಫೋನು ನಡುಗಿತು. ಅಜ್ಜಿಯೇ ಮಾಡಿದ್ದಳು, ತಾಳ್ಮೆಯಿಲ್ಲದೆ. ಕೈ ಗುಂಡಿ ಒತ್ತಿತು, ನಿಜ. ಮೈಕಿನದ್ದಲ್ಲ, ಫೋನಿನದ್ದು. ಒತ್ತಿದ ಸಮಾಧಾನ ಕೈಗೆ ಸಿಕ್ಕಿತ್ತು, ಇನ್ನೊಂದನ್ನು ಅದು ನೆನಪಿಸಿಕೊಳ್ಳಲಿಲ್ಲ. ಗಿಲಕಿ ಫೋನಿನ ಸ್ಪೀಕರ್ ಹಾಕಿ, ಕೈಗಳು ಖಾಲಿಯಿರಲೆಂದು ಅದನ್ನು ಮೈಕಿನ ಕತ್ತಿಗೇ ಒರಗಿಸಿ ನಿಲ್ಲಿಸಿ, ಮುಂದಿನ ಬಸ್ಸುಗಳ ಪಟ್ಟಿ ಬಿಡಿಸಿಕೊಂಡಳು. ಪಟ್ಟಿಯ ಅಂಚು ಹಸಿರು ದೀಪವನ್ನು ಮುಚ್ಚಿತು.

"ಇಟ್ಟೆ ಕಣೇ ಒಳಗೆ" ಅಂದಳು ಅಜ್ಜಿ. "ಶುರು ಮಾಡ್ಲಾ?"

"ಹೂಂ."

"ಒಂದು ಅರಮನೆ. ಅದಕ್ಕೆ ಏಳು ಬಾಗಿಲು. ಏಳನೇ ಬಾಗಿಲಾಚೆ ಒಬ್ಬಳು ಹುಡುಗಿ, ಕತ್ತಲಲ್ಲಿ, ಬಾಯಾರಿ ಕೂತಿದ್ದಾಳೆ. ಅವಳ ಅಕ್ಕ ಹೊರಟಳು. ಒಂದು ಕೈಲಿ ದೀಪ, ಇನ್ನೊಂದು ಕೈಲಿ ನೀರು ತುಂಬಿದ ಕೊಡ. ದೀಪ ಆರಬಾರದು, ನೀರು ತುಳುಕಬಾರದು."

"ಹೂಂ."

"ಮೊದಲನೇ ಬಾಗಿಲು ಭೋಳೇ ಸ್ವಭಾವದ್ದು. ಹೆಗಲು ಕೊಟ್ಟು ತಳ್ಳಿದಳು, ತೆರ್ಕೊಂಡ್ತು..."

ಪ್ಲಾಟ್‌ಫಾರಂನಲ್ಲಿ ಸೂಟ್‌ಕೇಸ್ ಹಿಡಿದವನೊಬ್ಬ ತಲೆಯೆತ್ತಿ ಆಕಾಶ ನೋಡಿದ. ಗಿಲಕಿಯೂ ಗಾಜಿನಿಂದ ಬಗ್ಗಿ ಆಕಾಶ ನೋಡಿದಳು. ಏನೂ ಇರಲಿಲ್ಲ. ಎರಡನೇ ಬಾಗಿಲಿಗೆ ಅಕ್ಕ ಕಾಲಿನಿಂದ ಒದೆಯುವಾಗ, ಬೆಂಚಿನ ಮೇಲಿದ್ದ ಹೆಂಗಸೊಬ್ಬಳು ತನ್ನ ಮಗುವಿನ ಬಾಯಿಗೆ ಬೆರಳಿಟ್ಟು ಸುಮ್ಮನಿರಿಸಿದಳು. ಮೂರನೇ ಬಾಗಿಲು ಒಗಟು ಕೇಳುವಾಗ ಹದಿನಾಲ್ಕನೇ ನಂಬರಿನ ಬಸ್ಸಿನ ಕಂಡಕ್ಟರು ಸೀಟಿಯನ್ನು ಬಾಯಲ್ಲೇ ಇಟ್ಟುಕೊಂಡು ಊದದೆ ನಿಂತಿದ್ದ. ಬಸ್ಸಿನ ಬಾಗಿಲಲ್ಲಿ ಜನ ಗುಂಪುಗಟ್ಟಿದ್ದರು, ಯಾರೂ ಹತ್ತುತ್ತಿರಲಿಲ್ಲ. ಬಸ್ಸು ಕೆಟ್ಟಿರಬೇಕು ಎಂದುಕೊಂಡಳು ಗಿಲಕಿ. ಪಾಪ.

"ನಾಲ್ಕನೇ ಬಾಗಿಲು ಹೇಳ್ತು" ಅಂದಳು ಅಜ್ಜಿ, ದನಿಯನ್ನು ಬಾವಿಗಿಳಿಸಿ, "'ಹುಡುಗೀ, ಎರಡು ಕೈಯೂ ತುಂಬಿಸ್ಕೊಂಡು ಬಂದೋರಿಗೆ ನಾನು ತೆಗೆಯೋಳಲ್ಲ. ಒಂದನ್ನ ಕೆಳಗಿಡು.' ಕೆಳಗೆ ನೋಡಿದ್ರೆ ಮರಳು. ಕೊಡ ಇಟ್ರೆ ಉರುಳುತ್ತೆ, ದೀಪ ಇಟ್ರೆ ಆರುತ್ತೆ..."

ಮೈಕ್ ರೂಮಿನ ಬಾಗಿಲು ಧಡಾರೆಂದು ತೆರೆಯಿತು. ಚೀಟಿ ಸಾಹೇಬರು ಓಡಿಬಂದಿದ್ದರು. ಅವರು ಓಡಿದ್ದನ್ನು ಆ ನಿಲ್ದಾಣದಲ್ಲಿ ಯಾರೂ ಕಂಡವರಿರಲಿಲ್ಲ. ಕೈ ಚಾಚಿ, ಪಟ್ಟಿ ಸರಿಸಿ, ಗುಂಡಿ ಒತ್ತಿದರು. ಹಸಿರು ದೀಪ ಆರಿತು.

ಗಿಲಕಿಗೆ ಎಲ್ಲ ಅರ್ಥವಾಗಲು ಆ ದೀಪ ಆರಿದ್ದೇ ಸಾಕಾಯಿತು. ಹೊರಗಿನಿಂದ "ಅಯ್ಯೋ!" ಎಂದು ಇಡೀ ನಿಲ್ದಾಣ ಒಟ್ಟಿಗೆ ನಿಟ್ಟುಸಿರಿಟ್ಟದ್ದು ಗಾಜಿನೊಳಕ್ಕೂ ಕೇಳಿಸಿತು.

"ನಾಲ್ಕು ನಿಮಿಷ" ಅಂದರು ಸಾಹೇಬರು. ಏದುಸಿರಿನಲ್ಲಿ ಅಷ್ಟೇ ಹೊರಟಿತು. "ಹದಿನಾಲ್ಕನೇ ನಂಬರು ನಾಲ್ಕು ನಿಮಿಷ ತಡ. ಜನ ಹತ್ತಲೇ ಇಲ್ಲ." ಅವರು ಜೇಬಿನಿಂದ ಹಳದಿ ಪುಸ್ತಕ ತೆಗೆದರು.

ಫೋನಿನಲ್ಲಿ ಅಜ್ಜಿ ಕರೆಯುತ್ತಿದ್ದಳು. "ಹೂಂ ಎಲ್ಲೇ? ಗಿಲಕೀ? ಇದ್ದೀಯಾ? ಟ್ರೇ ತಿರುಗಿಸೋ ಹೊತ್ತು, ಅಕ್ಕ ಬಾಗಿಲಲ್ಲೇ ನಿಂತಿದ್ದಾಳೆ, ಹೂಂ ಅನ್ನೇ!"

ಗಿಲಕಿ ಬಾಯಿ ತೆರೆದಳು. ಸಾಹೇಬರು ಪೆನ್ನಿನಿಂದ ಗಾಜಿನಾಚೆ ತೋರಿಸಿದರು. ಆರನೇ ನಂಬರು, ಇಪ್ಪತ್ತೊಂದು, ಏಳು, ಮೂರು ಬಸ್ಸುಗಳೂ ಕೂಗಿಗಾಗಿ ಕಾದಿದ್ದವು. ಒಂದು ಬಾಯಿ, ಎರಡು ಕೆಲಸ. ಅಲ್ಲಿ ಎಡಗಡೆಯ ಬ್ರೆಡ್ಡು ಕಪ್ಪಾಗುತ್ತಿತ್ತು. ಕಣ್ಣಲ್ಲಿ ನೀರು ತುಂಬಿ ಬಸ್ಸುಗಳೆಲ್ಲ ಒಂದೇ ಬಸ್ಸಾಗಿ ಕಂಡವು.

ಆಗ ಬಾಗಿಲಲ್ಲಿ ಯಾರೋ ಕೇಳಿದರು: "ಆಮೇಲೆ?"

ಅಮ್ಮ. ಎರಡು ಕೈಯಲ್ಲೂ ಗುಂಡಿ ಹಾಕಬೇಕಾದ ಅಂಗಿಗಳ ಎರಡು ಗಂಟು. ದಿನವೂ ನಾಲ್ಕೂವರೆಯ ಹದಿನಾಲ್ಕನೇ ನಂಬರು ಹತ್ತುವವಳು, ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಬಸ್ಸು ತಪ್ಪಿಸಿಕೊಳ್ಳದವಳು.

"ನೀವ್ಯಾರಮ್ಮಾ? ಇಲ್ಲಿಗೆ ಪ್ರವೇಶ ಇಲ್ಲ" ಅಂದರು ಸಾಹೇಬರು.

"ನಿಮ್ಮ ಹದಿನಾಲ್ಕನೇ ನಂಬರು ತಪ್ಪಿಸ್ಕೊಂಡವಳು ಸಾರ್." ಅಮ್ಮ ಮಗಳ ಕಡೆ ನೋಡಲಿಲ್ಲ. ಫೋನಿನ ಕಡೆಯೇ ನೋಡುತ್ತಿದ್ದಳು. "ಆಮೇಲೆ ಅವಳು ಕೊಡ ಕೆಳಗಿಟ್ಟಳಾ? ನಂಗೆ ಈ ಕಥೆ ನಾಲ್ಕನೇ ಬಾಗಿಲ ತನಕ ಮಾತ್ರ ಗೊತ್ತು. ಸರಿಯಾಗಿ ಇಲ್ಲಿಗೆ ಬರೋ ಹೊತ್ತಿಗೆ ನನ್ನ ತಮ್ಮ ಎದ್ದು ಅಳ್ತಿದ್ದ. ತೊಟ್ಟಿಲು ತೂಗೋಕೆ ನನ್ನನ್ನೇ ಕಳಿಸ್ತಿದ್ರು. ತೂಗಿ ಬರೋಷ್ಟರಲ್ಲಿ ಕಥೆ ಮುಗಿದಿರ್ತಿತ್ತು."

"ಹೂಂ ಅನ್ರೇ ಯಾರಾದ್ರೂ!" ಎಂದು ಕೂಗಿತು ಫೋನು.

ಅಮ್ಮ ಗಂಟುಗಳನ್ನು ಕೆಳಗಿಡಲಿಲ್ಲ. ಬಗ್ಗಿ, ಫೋನನ್ನು ಕೆನ್ನೆಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಳು. "ಹೂಂ ಅಮ್ಮಾ" ಅಂದಳು. "ನಾನು. ಟ್ರೇ ತಿರುಗಿಸಿ ಬಂದು ಹೇಳು."

ಆಚೆ ಕಡೆ ಸ್ಟೂಲು ಸರಿದ ಸದ್ದಾಯಿತು. ಆಮೇಲೆ ಓವನ್ನಿನ ತಂತಿ ಕಿರ್ರೆಂದದ್ದು ಕೇಳಿಸಿತು.

ಅಮ್ಮ ಹೊರಗಿನ ಬೆಂಚಿಗೆ ಹೋಗಿ ಕೂತಳು. ಗಿಲಕಿ ಆರನೇ ನಂಬರು ಕೂಗಿದಳು, ಇಪ್ಪತ್ತೊಂದು ಕೂಗಿದಳು, ಏಳು ಕೂಗಿದಳು. ಒಂದೊಂದನ್ನೂ ಸರಿಯಾಗಿ, ಒಂದೊಂದಾದ ಮೇಲೂ ಸರಿಯಾದ ಗುಂಡಿ ಒತ್ತಿ. ಪ್ರತಿ ಸಲ ತಲೆಯೆತ್ತಿದಾಗಲೂ ಗಾಜಿನಾಚೆ ಅಮ್ಮನ ತುಟಿ ಹೂಂ ಅನ್ನುವುದು ಕಾಣುತ್ತಿತ್ತು. ಅಕ್ಕಪಕ್ಕದವರು ಒತ್ತರಿಸಿಕೊಂಡು ಕೂತು ಅವಳ ಮುಖದಲ್ಲೇ ಕಥೆ ಓದಲು ನೋಡುತ್ತಿದ್ದರು. ಮುಂದಿನ ಹದಿನಾಲ್ಕನೇ ನಂಬರು ಬಂತು, ಹೋಯಿತು. ಅಮ್ಮ ಏಳಲಿಲ್ಲ.

ಮೂರನೇ ಚೀಟಿ ಮೇಜಿನ ಮೇಲೆ ಬಿದ್ದಿತ್ತು: "ಮೈಕ್ ರೂಮಿಗೆ ಫೋನ್ ತರತಕ್ಕದ್ದಲ್ಲ. ನಾಲ್ಕು ನಿಮಿಷಗಳ ವಿಳಂಬಕ್ಕೆ ಲಿಖಿತ ಸಮಜಾಯಿಷಿ ನೀಡುವುದು."

ಆರಕ್ಕೆ ಟೀಚರು ಬ್ರೆಡ್ಡಿಗೆ ಬಂದಾಗ ತಾಯಿ ಮಗಳು ಇನ್ನೂ ನಿಲ್ದಾಣದಲ್ಲೇ ಇದ್ದರು. ಅಜ್ಜಿಯೇ ಕೊಟ್ಟಳು. ಒಂದರ ಪಕ್ಕೆ ಸ್ವಲ್ಪ ಕಪ್ಪಗಾಗಿದೆಯಲ್ಲ ಅಂದರಂತೆ ಟೀಚರು. "ಅದು ನಾಲ್ಕನೇ ಬಾಗಿಲು, ಆವತ್ತಿನಿಂದಲೂ ಬಿಗಿ" ಅಂದಳಂತೆ ಅಜ್ಜಿ. ಟೀಚರಿಗೆ ಅರ್ಥವಾಗಲಿಲ್ಲ. 'ಘಮ ಚೆನ್ನಾಗಿದೆ' ಎಂದು ಹೊತ್ತುಕೊಂಡು ಹೋದರು.

ಮನೆಗೆ ಬಂದು, ದೀಪ ಹಾಕಿ, ಚಹಾ ಇಟ್ಟು, ಗಿಲಕಿ ಅಡುಗೆಕಟ್ಟೆಯ ಮೇಲೆ ಕಾಗದ ಹರಡಿಕೊಂಡು ಸಮಜಾಯಿಷಿ ಬರೆಯಲು ನಿಂತಳು. ಓವನ್ನು ಇನ್ನೂ ಬೆಚ್ಚಗಿತ್ತು. ಅದಕ್ಕೆ ಸೊಂಟ ತಾಗಿಸಿ ನಿಂತು ಬರೆದಳು, ಮೂರು ದಿನದಲ್ಲಿ ಹೊರಟುಹೋಗುವ ನೆಂಟನ ಪಕ್ಕದಲ್ಲಿ ನಿಂತ ಹಾಗೆ.

ಅಮ್ಮ ಹೆಗಲ ಮೇಲಿಂದ ಬಗ್ಗಿ ಓದಿದಳು. "ಕ್ಷಮಿಸಿ ಅಂತ ನಾಲ್ಕು ಸಲ ಬರೆದಿದೀಯ. ನಿಂಗೇನು ಬೇಕು ಅಂತ ಒಂದು ಸಲಾನೂ ಬರೆದಿಲ್ಲ."

"ನಂಗೇನು ಬೇಕು ಅಂತ ಅವರ್ಯಾಕೆ ಕೇಳ್ತಾರೆ?"

"ಏಳನೇ ಬಾಗಿಲು ಹೇಗೆ ತೆಗೀತು ಗೊತ್ತಲ್ಲ ನಿಂಗೆ?"

ಗೊತ್ತಿತ್ತು. ಸಾವಿರ ಸಲ ಹೂಂ ಅಂದವಳಿಗೆ ಗೊತ್ತಿರದೆ ಏನು? ನಾಲ್ಕನೇ ಬಾಗಿಲಿನ ಹಿಡಿಗೆ ಅಕ್ಕ ಜಡೆ ಸುತ್ತಿ ಎಳೆಯುತ್ತಾಳೆ, ಐದರ ಹತ್ತಿರ ಗಾಳಿಗಾಗಿ ಕಾಯುತ್ತಾಳೆ, ಆರನ್ನು ನಗಿಸಿ ತೆರೆಸುತ್ತಾಳೆ. ಏಳನೆಯದಕ್ಕೆ ಹಿಡಿಯೂ ಇಲ್ಲ, ಸಂದಿಯೂ ಇಲ್ಲ. ಎರಡು ಕೈಯೂ ತುಂಬಿವೆ. ಕೊನೆಗೆ ಅವಳು ಬಾಯಿಬಿಟ್ಟು ಕರೆಯುತ್ತಾಳೆ: ತಂಗೀ, ಒಳಗಿಂದ ಚಿಲಕ ತೆಗಿ! ತಂಗಿ ಕತ್ತಲಲ್ಲಿ ಚಿಲಕಕ್ಕೇ ಒರಗಿ ಕೂತಿದ್ದಳು. ಅದು ಬಾಗಿಲೆಂದು ಯಾರೂ ಅವಳಿಗೆ ಹೇಳಿರಲಿಲ್ಲ, ಅಷ್ಟೇ.

"ಇಷ್ಟು ವರ್ಷ ನಾನು ಅವಳು ಕೊಡ ಕೆಳಗಿಟ್ಟಳು ಅಂತಲೇ ಅಂದ್ಕೊಂಡಿದ್ದೆ ಕಣೇ" ಅಂದಳು ಅಮ್ಮ. ಚಹಾದ ಲೋಟ ತೊಳೆಯುವ ನೆವದಲ್ಲಿ ಆಚೆ ತಿರುಗಿದಳು.

ಗಿಲಕಿ ಕಾಗದ ಹರಿದಳು. ಬೇರೆಯದು ತೆಗೆದುಕೊಂಡಳು. ತಪ್ಪಾಗಿದೆ ಎಂದು ಒಂದೇ ಸಲ ಬರೆದಳು. ಆಮೇಲೆ, ಯಾರಿಗೂ ಬೇಡದ, ಎಲ್ಲರೂ ಸಬೂಬು ಹೇಳಿ ತಪ್ಪಿಸಿಕೊಳ್ಳುವ ಬೆಳಗಿನ ಐದೂವರೆಯ ಪಾಳಿಯನ್ನು ತನಗೆ ಕಾಯಂ ಕೊಡಬೇಕೆಂದೂ, ಮನೆಯಲ್ಲಿ ತನ್ನದೊಂದು ಬ್ರೆಡ್ಡಿನ ಕೆಲಸವಿರುವುದರಿಂದ ಮಧ್ಯಾಹ್ನಗಳು ಬೇಕೆಂದೂ ಬರೆದಳು. ಬರೆದು, ಪೆನ್ನಿನ ಮುಚ್ಚಳ ಹಾಕಿ, ಅದನ್ನು ಮತ್ತೆ ತೆಗೆದು, ಮತ್ತೆ ಹಾಕಿದಳು.

"ಅಮ್ಮಾ."

"ಹೂಂ."

"ನನ್ನೊಬ್ಬಳಿಂದ ಆಗ್ತಿಲ್ಲ. ವಾರಕ್ಕೆ ಮೂರೇ ದಿನ ಮಾಡ್ತೀನಿ, ಜಾಸ್ತಿ ಆರ್ಡರ್ ತಗೊಳಲ್ಲ. ಆದ್ರೂ ಬನ್ನು ಒಳಗಿಟ್ಟು ನಾನು ಇನ್ನೊಂದು ಹಿಟ್ಟು ನಾದೋವಾಗ... ನೀನು ಗುಂಡಿ ಹಾಕೋದನ್ನ ಇಲ್ಲೇ ಕೂತು ಹಾಕ್ತೀಯಾ? ಅಜ್ಜಿಗೆ ಹೂಂ ಅಂತೀಯಾ?"

ಅಮ್ಮ ಲೋಟ ಒರೆಸಿದಳು. ಒಣಗಿದ್ದ ಲೋಟವನ್ನೇ ಇನ್ನೊಮ್ಮೆ ಒರೆಸಿದಳು. "ಒಂದೂವರೆ ವರ್ಷ ಆಯ್ತು ಈ ರಾಕ್ಷಸ ಬಂದು" ಅಂದಳು. "ಈಗ ಕೇಳ್ತಿದೀಯಲ್ಲೇ."

"ಬಾಯಿದ್ದೋರು ಬರದಲ್ಲೂ ಬದುಕ್ತಾರೆ" ಎಂದಳು ಅಜ್ಜಿ ನಡುಮನೆಯಿಂದ. ಅವಳ ಕಣ್ಣಿಗಷ್ಟೇ ಪೊರೆ, ಕಿವಿಗಲ್ಲ. "ನಮ್ಮ ಮನೇಲಿ ಮೈಕಿದ್ದೋಳಿಗೇ ಬಾಯಿಲ್ಲ ನೋಡು."

"ಮತ್ತೆ ಚೀಟಿ?" ಗಿಲಕಿ ಮೆಲ್ಲಗೆ ಕೇಳಿದಳು. "ಇನ್ನೊಂದು ಬಂದ್ರೆ ಓವನ್ ಆಚೆ ಅಂದಿದ್ದೆಯಲ್ಲ."

ಅಮ್ಮ ಯೋಚಿಸಿದಳು. ಮಾತು ಕೊಟ್ಟರೆ ತಪ್ಪುವವಳಲ್ಲ ಅವಳು. "ಈ ಚೀಟಿ ಓವನ್ನಿಂದ ಬಂದದ್ದಲ್ಲ. ಕಥೆಯಿಂದ ಬಂದದ್ದು. ಬೇಕಾದ್ರೆ ಅಜ್ಜೀನ ಮಾರೋಣ."

"ಯಾರು ತಗೋತಾರೆ?" ಅಂದಳು ಅಜ್ಜಿ, ನಿಜಕ್ಕೂ ಕುತೂಹಲದಿಂದ.

ಶನಿವಾರ ಉತ್ತರ ಬಂತು, ಹಳದಿ ಚೀಟಿಯಲ್ಲೇ. ಗಿಲಕಿ ಮೈಕ್ ರೂಮಿನ ಮೂಲೆಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ ಓದಿದಳು. "ಬೆಳಗಿನ ಪಾಳಿ ಮಂಜೂರಾಗಿದೆ. ಒಂದು ನಿಮಿಷ ತಡವಾದರೂ ರದ್ದಾಗುವುದು. ಮತ್ತು, ಉಳಿದ ಬಾಗಿಲುಗಳ ಬಗ್ಗೆ ವಿಚಾರಣೆ ಕಿಟಕಿಯಲ್ಲಿ ಪ್ರಯಾಣಿಕರು ಪದೇ ಪದೇ ಕೇಳುತ್ತಿರುವುದರಿಂದ, ಸದರಿ ಬಾಗಿಲುಗಳ ಪೂರ್ಣ ವಿವರವನ್ನು ಈ ಕಚೇರಿಗೆ ಕೂಡಲೇ ಲಿಖಿತವಾಗಿ ಸಲ್ಲಿಸುವುದು." ಗಾಜಿನಾಚೆ ಸಾಹೇಬರು ಬೆಂಚಿನ ಮೇಲಿದ್ದ ಬೆಕ್ಕನ್ನು ಎಬ್ಬಿಸುವ ಕೆಲಸದಲ್ಲಿ ಮಗ್ನರಾಗಿದ್ದರು. ಇತ್ತ ತಿರುಗಲೇ ಇಲ್ಲ.

ಭಾನುವಾರ ಮಧ್ಯಾಹ್ನ ಮಣ್ಣಿನ ಓಲೆಯಾಕೆ ಅಳತೆ ಟೇಪು ಹಿಡಿದು ಬಂದಳು. ಬಾಗಿಲು ತೆರೆದೇ ಇತ್ತು. ಒಳಗೆ ಓವನ್ನಿನ ಎಡಕ್ಕೆ ಅಜ್ಜಿ, ಬಲಕ್ಕೆ ಅಮ್ಮ, ನಡುವೆ ದ್ರಾಕ್ಷಿಯ, ಬೆಣ್ಣೆಯ, ಸುಡುವ ಸಕ್ಕರೆಯ ವಾಸನೆ. ಗಿಲಕಿ ಮೊಣಕೈವರೆಗೆ ಹಿಟ್ಟಿನಲ್ಲಿ ಮುಳುಗಿ ಬೇರೆ ಬನ್ನುಗಳನ್ನು ಉಂಡೆ ಕಟ್ಟುತ್ತಿದ್ದಳು. ಬೆಳಗಿನ ನಾಲ್ಕೂವರೆಗೆ ಏಳುವ ಅಭ್ಯಾಸ ಮಾಡಿಕೊಳ್ಳಲು ಆವತ್ತೇ ಶುರು ಮಾಡಿದ್ದರಿಂದ ನಡುನಡುವೆ ಆಕಳಿಸುತ್ತಿದ್ದಳು. ಅಮ್ಮನ ಮಡಿಲಲ್ಲಿ ಅಂಗಿಗಳ ಗಂಟಿತ್ತು. ಗಂಟಿನ ಮೇಲೆ, ಎಷ್ಟೋ ವರ್ಷ ಅಟ್ಟದಲ್ಲಿ ಧೂಳು ತಿಂದು ಆವತ್ತು ಬೆಳಿಗ್ಗೆಯಷ್ಟೇ ಕೆಳಗಿಳಿದಿದ್ದ ಕಸೂತಿಯ ಬಳೆಚೌಕಟ್ಟು. ಅದಕ್ಕೆ ಬಿಗಿದ ಬಟ್ಟೆಯಲ್ಲಿ ಇನ್ನೂ ಏನೂ ಇರಲಿಲ್ಲ. ಒಂದು ಎಲೆಯಷ್ಟು ಹಸಿರು ದಾರ ಮಾತ್ರ.

"ಓವನ್ ನೋಡ್ಕೊಂಡು ಹೋಗೋಣ ಅಂತ ಬಂದೆ" ಅಂದಳು ಓಲೆಯಾಕೆ.

ಅಮ್ಮ ಸೂಜಿ ಹಿಡಿದ ಬೆರಳನ್ನು ತುಟಿಗಿಟ್ಟುಕೊಂಡಳು. "ಶ್! ನಾಲ್ಕನೇ ಬಾಗಿಲಲ್ಲಿದ್ದೀವಿ. ಕೂತ್ಕೋ."

"ಮಾರೋದಿಲ್ವಾ ಹಾಗಾದ್ರೆ?"

"ಇಲ್ಲ ಕಣಮ್ಮಾ. ಮಣಿ ಸುಡೋಕೆ ನಿಂಗೆ ಬೇರೆ ಕಡೆ ವಿಚಾರಿಸಿಕೊಡ್ತೀನಿ. ಮುಚ್ಚಿದ ಹೋಟೆಲುಗಳಿಗೇನು ಬರ? ಈಗ ಕೂತ್ಕೋ ಅಂದೆ."

ಓಲೆಯಾಕೆ ಮಿಕಮಿಕ ನೋಡುತ್ತಾ ಹಿಟ್ಟಿನ ಡಬ್ಬದ ಮೇಲೆ ಕೂತಳು. ಗಿಲಕಿ ಕೈ ಕೊಡವಿಕೊಂಡು ಬಂದು, ತಂತಿ ಸುತ್ತಿದ ಬಾಗಿಲು ತೆರೆದು, ಟ್ರೇಯನ್ನು ಅರ್ಧ ಸುತ್ತು ತಿರುಗಿಸಿ ಮುಚ್ಚಿದಳು. ಬಿಸಿಗಾಳಿ ಎಲ್ಲರ ಮುಖಕ್ಕೂ ತಾಗಿ ಹೋಯಿತು.

"ಅಕ್ಕ ತನ್ನ ಜಡೆ ಬಿಚ್ಚಿದಳು" ಅಂದಳು ಅಜ್ಜಿ. ಅಂದು, ನಿಲ್ಲಿಸಿದಳು. ಕಾಣದ ಕಣ್ಣುಗಳನ್ನು ಅರೆಮುಚ್ಚಿ, ಕಿವಿಯೊಂದನ್ನು ಈಚೆ ಬಾಗಿಸಿ ಕಾದಳು.

"ಹೂಂ" ಅಂದಳು ಅಮ್ಮ.

"ಹೂಂ" ಅಂದಳು ಗಿಲಕಿ, ಆಕಳಿಕೆಯ ನಡುವೆಯೇ.

ಓಲೆಯಾಕೆ ಇಬ್ಬರ ಮುಖವನ್ನೂ ನೋಡಿದಳು, ಓವನ್ನಿನ ಮುಖವನ್ನೂ ನೋಡಿದಳು, ಅಳತೆ ಟೇಪನ್ನು ಸುತ್ತಿ ಜೇಬಿಗಿಟ್ಟುಕೊಂಡಳು.

"ಹೂಂ" ಅಂದಳು. "ಆಮೇಲೆ?"